ಕ್ಯಾಲಿಪರ್ ಬಿಚ್ಚುವಾಗ ಬ್ರೇಕ್ ಆಯಿಲ್ ತಡೆಯಲು: ಪೆಡಲ್ ಕೋಲೋ, ಕ್ಲ್ಯಾಂಪೋ, ಬೋಲ್ಟೋ?

ಬರೀ ಬ್ರೇಕ್ ಪ್ಯಾಡ್ ಬದಲಿಸುವುದಾದರೆ ಆಯಿಲ್ ಬರುವ ಹೋಸ್ ಪೈಪ್ ಬಿಚ್ಚುವ ಗೋಜೇ ಬೇಡ. ಕ್ಯಾಲಿಪರನ್ನು (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿದರೆ ಸಾಕು, ಪೈಪಿನ ಮೇಲೆ ಭಾರ ಬೀಳಬಾರದು. ಸೀಲ್ ಕಿಟ್ (ಒಳಗಿನ ರಬ್ಬರ್ ಸೀಲುಗಳ ಹೊಸ ಸೆಟ್) ಹಾಕಲು ಕ್ಯಾಲಿಪರ್ ಪೂರ್ತಿ ಹೊರಬರಬೇಕಾದಾಗ ತೊಂದರೆ ಶುರು. ಬ್ಯಾಂಜೋ ಬೋಲ್ಟ್ (ಹೋಸ್ ತುದಿಯ ಬಳೆಯಂಥ ಕಣ್ಣನ್ನು ಕ್ಯಾಲಿಪರಿಗೆ ಬಿಗಿಯುವ ಬೋಲ್ಟ್) ತೆಗೆದ ಮೇಲೆ ಬಾನೆಟ್ ಕೆಳಗಿನ ಡಬ್ಬಿಯ ಆಯಿಲ್ ಒಂದೇ ಸಮನೆ ತೊಟ್ಟಿಕ್ಕುತ್ತದೆ. ಡಬ್ಬಿ ಬರಿದಾದರೆ ಅದರಡಿಯ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ಗಾಳಿ ಹೊಗುತ್ತದೆ. ಆ ಗಾಳಿ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ತನಕ ಹೋದರೆ ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆ ತೆಗೆಯಲಾಗದು.

ಎಲ್ಲವನ್ನೂ ಮಾಡಿ ನೋಡಿದ ಮೇಲೆ ನಮ್ಮ ಮೊದಲ ಆಯ್ಕೆ ಪೆಡಲ್ ಕೋಲು. ಎಂಜಿನ್ ಆಫ್ ಇರಲಿ. ಪೆಡಲನ್ನು ಒಂದರಿಂದ ಒಂದೂವರೆ ಇಂಚು ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಅಳತೆಗೆ ಕತ್ತರಿಸಿದ ಮರದ ಕೋಲು ಸಿಕ್ಕಿಸಿ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದೆ ಸರಿದು, ಡಬ್ಬಿಯಿಂದ ಬರುವ ದಾರಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್‌ಗೆ (ಗಾಳಿ ತೆಗೆಯುವ ಪುಟ್ಟ ತಿರುಪು) ಟ್ಯೂಬ್ ಹಾಕಿ, ಸ್ವಲ್ಪ ತಿರುಗಿಸಿ ಒತ್ತಡ ಬಿಟ್ಟು, ಮತ್ತೆ ಮುಚ್ಚಿ. ಇದನ್ನು ಮರೆತು ಬ್ಯಾಂಜೋ ಬೋಲ್ಟಿಗೆ ಕೈಹಾಕಿದರೆ ಆಯಿಲ್ ಮುಖಕ್ಕೇ ಚಿಮ್ಮುತ್ತದೆ. ಒತ್ತಡ ಬಿಟ್ಟ ಮೇಲೆ ಪೈಪಿನಲ್ಲಿ ಉಳಿದ ನಾಲ್ಕು ಹನಿ ಬಿದ್ದು ನಿಲ್ಲುತ್ತದೆ. ಎರಡು ಎಚ್ಚರಿಕೆ: ಬ್ರೇಕ್ ಲೈಟ್ ಉರಿಯುತ್ತಲೇ ಇರುವುದರಿಂದ ಅದರ ಫ್ಯೂಸ್ ತೆಗೆಯಿರಿ, ಪೈಪ್ ಮತ್ತೆ ಕೂರಿಸುವ ತನಕ ಕೋಲು ಜಾರಬಾರದು, ಜಾರಿದರೆ ಮಾಸ್ಟರ್ ಸಿಲಿಂಡರ್ ಗಾಳಿ ಎಳೆಯಬಹುದು. ಹಳೆ ಕಾರಿನಲ್ಲಿ ಪೆಡಲನ್ನು ತಳಮುಟ್ಟ ಒತ್ತಬೇಡಿ, ಸಿಲಿಂಡರಿನೊಳಗೆ ತುಕ್ಕು ಹಿಡಿದ ಜಾಗಕ್ಕೆ ಉಜ್ಜಿ ಸೀಲ್ ಹರಿದುಹೋಗಬಹುದು.

ಕ್ಯಾಲಿಪರ್ ದಿನಗಟ್ಟಲೆ ಹೊರಗಿರುವುದಾದರೆ ಕೋಲಿನ ಜೊತೆಗೆ ಪೈಪಿನ ಬಾಯಿಗೂ ಬಿರಡೆ ಹಾಕಿ. ಬ್ಯಾಂಜೋ ಕಣ್ಣಿಗೆ ಹೊಂದುವ ಬೋಲ್ಟ್, ನಟ್, ಎರಡೂ ಬದಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆ. ಕೈಬಿಗಿಗಿಂತ ತುಸು ಹೆಚ್ಚು ಬಿಗಿದರೆ ಸಾಕು. ಪೈಪಿನೊಳಗೆ ಧೂಳೂ ಹೋಗುವುದಿಲ್ಲ. ಆದರೆ ಬೋಲ್ಟ್ ತೆಗೆದು ಇದನ್ನು ಸಿಕ್ಕಿಸುವ ಹೊತ್ತಿಗೆ ಕೈಯೆಲ್ಲ ಆಯಿಲ್. ಕೋಲಿಲ್ಲದೆ ಇದೊಂದೇ ಸಾಲದು.

ಡಬ್ಬಿಯ ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ ಬಿಗಿಯುವುದು ಅರ್ಧಂಬರ್ಧ ಉಪಾಯ. ಹರಿವು ನಿಧಾನವಾಗುತ್ತದೆ, ನಿಲ್ಲುವ ಖಾತ್ರಿಯಿಲ್ಲ. ಮುಚ್ಚಳದಲ್ಲೇ ಸೆನ್ಸರ್ ಇದ್ದರೆ ಹಾಳೆ ಸರಿಯಾಗಿ ಕೂರುವುದೂ ಇಲ್ಲ.

ಗ್ಯಾರೇಜುಗಳಲ್ಲಿ ಹೆಚ್ಚು ಕಾಣುವುದು ಹೋಸನ್ನೇ ಹಿಸುಕುವ ಕ್ಲ್ಯಾಂಪ್. ಆಯಿಲ್ ಥಟ್ಟನೆ ನಿಲ್ಲುವುದು ನಿಜ, ಆದರೂ ನಾವು ಬೇಡ ಅನ್ನುತ್ತೇವೆ. ಹಿಸುಕಿದಾಗ ಹಳೆ ರಬ್ಬರಿನ ಒಳಪದರ ಸೀಳಿ ನಾಲಿಗೆಯಂತೆ ಎದ್ದರೆ, ಪೆಡಲಿನ ಒತ್ತಡ ಕ್ಯಾಲಿಪರಿಗೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಹೊರಗಿಂದ ಪೈಪ್ ಚೆನ್ನಾಗಿಯೇ ಕಾಣುತ್ತದೆ, ಚಕ್ರ ಮಾತ್ರ ಬಿಸಿಯಾಗಿ ಕಾರು ಒಂದು ಕಡೆ ಎಳೆಯುತ್ತದೆ. ಆಗ ಹೊಸ ಸೀಲ್ ಹಾಕಿದ ಕ್ಯಾಲಿಪರನ್ನೇ ದೂರಿ ಮತ್ತೆ ಬಿಚ್ಚುತ್ತಾರೆ. ನಂದಿ ಬೆಟ್ಟ ಇಳಿಯುವಾಗ ಹೀಗಾದರೆ ಅಪಾಯ. ಸ್ಟೀಲ್ ಹೆಣಿಗೆಯ ಹೋಸಿಗಂತೂ ಕ್ಲ್ಯಾಂಪ್ ಮುಟ್ಟಿಸಲೇಬಾರದು.

ಯಾವ ದಾರಿ ಹಿಡಿದರೂ ಬ್ಯಾಂಜೋದ ಎರಡೂ ಕಾಪರ್ ವಾಷರ್ ಹೊಸದಿರಲಿ. ಒಮ್ಮೆ ಅದುಮಿದ ವಾಷರ್ ಮತ್ತೆ ಸೀಲ್ ಆಗುವ ಭರವಸೆಯಿಲ್ಲ. ಬಿಡಿಭಾಗ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದನ್ನು ಅಳತೆಗೆ ಒಯ್ಯಿರಿ. ಕೊನೆಗೆ ಆ ಚಕ್ರದ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲೇಬೇಕು, ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರಿನ (ಬ್ರೇಕ್ ಆಯಿಲಿನ ದರ್ಜೆ) ಆಯಿಲನ್ನೇ ಸೀಲ್ ಒಡೆಯದ ಬಾಟಲಿಯಿಂದ ಹಾಕಿ. ತೆರೆದಿಟ್ಟ ಬಾಟಲಿ ನಮ್ಮ ಮಳೆಗಾಲದ ತೇವ ಹೀರಿರುತ್ತದೆ. ಪೇಂಟ್ ಮೇಲೆ ಹನಿ ಬಿದ್ದರೆ ಬಟ್ಟೆಯಿಂದ ಉಜ್ಜಬೇಡಿ, ಕೂಡಲೇ ನೀರು ಸುರಿಯಿರಿ.