ಇಮ್ಗ್‌ಬರ್ನ್: ಮುದಿಯಾದರೂ ಕೆಲಸಕ್ಕೆ ಗಟ್ಟಿ

ನಮ್ಮ ಊರಿನ ಡಿಟಿಪಿ ಅಂಗಡಿಗಳಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ಲಗ್ನಪತ್ರಿಕೆ ಮಾಡುವ ಹಳೆಯ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಅವುಗಳಲ್ಲಿ ಕೆಲವು ಪೆನ್‌ಡ್ರೈವ್‌ನಿಂದ ಬೂಟ್ ಆಗುವುದೇ (ಚಾಲೂ ಆಗುವುದೇ) ಇಲ್ಲ. ರಿಪೇರಿಗೆ ಬಂದರೆ ಡಿವಿಡಿಯೇ ಗತಿ. ಅದಕ್ಕಾಗಿ ನನ್ನ ಅಂಗಡಿಯಲ್ಲಿ ಇಮ್ಗ್‌ಬರ್ನ್ ಉಳಿದುಕೊಂಡಿದೆ. ಸಿಡಿ, ಡಿವಿಡಿಗಳಿಗೆ ಬರೆಯುವ ಈ ಉಚಿತ ತಂತ್ರಾಂಶ ಮೊದಲು ಬಂದದ್ದು 2005ರಲ್ಲಿ. ಕೊನೆಯ ಆವೃತ್ತಿ 2.5.8.0 ಬಂದದ್ದು 2013ರಲ್ಲಿ. ವಿಂಡೋಸ್ 10ರಲ್ಲಿಯೂ ತಕರಾರಿಲ್ಲದೆ ನಡೆಯುತ್ತದೆ.

ತೆರೆದ ಕೂಡಲೇ ಆರು ದೊಡ್ಡ ಗುಂಡಿಗಳು ಕಾಣುತ್ತವೆ. ಇನ್‌ಸ್ಟಾಲ್ ಡಿಸ್ಕ್ ಮಾಡುವವರಿಗೆ ಬೇಕಾದದ್ದು ಮೊದಲನೆಯದು, ಅಂದರೆ ಇಮೇಜ್ ಫೈಲನ್ನು (ಇಡೀ ಡಿಸ್ಕಿನ ಪ್ರತಿರೂಪವನ್ನು ಹಿಡಿದಿಟ್ಟ ಐಎಸ್‌ಒ ಫೈಲು) ಡಿಸ್ಕಿಗೆ ಬರೆಯುವುದು. ಅದರ ಕೆಳಗಿನದನ್ನು ಒತ್ತಿದರೆ ಐಎಸ್‌ಒ ಫೈಲು ಹಾಗೆಯೇ ಒಂದು ಕಡತವಾಗಿ ಡಿವಿಡಿಯಲ್ಲಿ ಕೂರುತ್ತದೆ, ಕಂಪ್ಯೂಟರ್ ಅದರಿಂದ ಬೂಟ್ ಆಗುವುದಿಲ್ಲ. "ಡಿಸ್ಕ್ ಸರಿಯಿಲ್ಲ" ಎಂದು ನನ್ನ ಹತ್ತಿರ ತರುವವರಲ್ಲಿ ಬಹುಪಾಲು ಜನರ ಕಥೆ ಇದೇ.

ಬರೆಯುವ ವೇಗ ಮೊದಲಿಗೆ ಗರಿಷ್ಠದಲ್ಲಿರುತ್ತದೆ. ನಾನು 8xಗೆ ಇಳಿಸುತ್ತೇನೆ. ಕೆಲವು ನಿಮಿಷ ಉಳಿಸಲು ಹೋಗಿ ಹಳೆಯ ಡ್ರೈವ್ ಓದಲಾರದ ಡಿಸ್ಕ್ ಮಾಡಿಕೊಳ್ಳುವುದರಲ್ಲಿ ಏನು ಜಾಣತನ?

ನನಗೆ ಇದರಲ್ಲಿ ನಿಜವಾಗಿ ಹಿಡಿಸುವುದು ವೆರಿಫೈ. ಬರೆದು ಮುಗಿದ ಮೇಲೆ ಟ್ರೇಯನ್ನು ಹೊರದೂಡಿ, ಮತ್ತೆ ಒಳಗೆಳೆದುಕೊಂಡು, ಡಿಸ್ಕಿನಲ್ಲಿರುವುದನ್ನು ಮೂಲ ಫೈಲಿನೊಂದಿಗೆ ತಾಳೆ ನೋಡುತ್ತದೆ. ಲ್ಯಾಪ್‌ಟಾಪಿನ ತೆಳು ಟ್ರೇ ತಾನಾಗಿ ಒಳಗೆ ಹೋಗುವುದಿಲ್ಲ, ಕೈಯಲ್ಲೇ ತಳ್ಳಬೇಕು. ಪಕ್ಕದ ಲಾಗ್ ಕಿಟಕಿ ಪ್ರತಿ ಹೆಜ್ಜೆಯನ್ನೂ ಬರೆದಿಡುತ್ತದೆ: ಯಾವ ಡ್ರೈವ್, ಯಾವ ತಯಾರಕರ ಡಿಸ್ಕ್, ಎಲ್ಲಿ ಎಡವಿತು. ಸುಮ್ಮನೆ "ದೋಷ ಸಂಭವಿಸಿದೆ" ಎಂದು ಕೈತೊಳೆದುಕೊಳ್ಳುವ ತಂತ್ರಾಂಶಗಳ ನಡುವೆ ಇದೊಂದು ಮರ್ಯಾದಸ್ಥ. ಆದರೆ ತಾಳೆ ನಡೆಯುವುದು ನಿಮ್ಮ ಬಳಿ ಇರುವ ಫೈಲಿನೊಂದಿಗೆ ಮಾತ್ರ. ಡೌನ್‌ಲೋಡ್ ಅರ್ಧದಲ್ಲಿ ಕೆಟ್ಟಿದ್ದರೆ ಕೆಟ್ಟದ್ದನ್ನೇ ನಿಷ್ಠೆಯಿಂದ ಬರೆದು, ಸರಿಯಾಗಿದೆ ಎಂದು ರಾಗವನ್ನೂ ನುಡಿಸುತ್ತದೆ. ಹಾಗಾಗಿ ಮೊದಲು ವಿಂಡೋಸ್‌ನ ಸರ್ಟ್‌ಯುಟಿಲ್ ಆದೇಶದಿಂದ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು, ಡೆಬಿಯನ್‌ನಂಥ ಲಿನಕ್ಸ್ ತಯಾರಕರು ತಮ್ಮ ತಾಣದಲ್ಲಿ ಕೊಟ್ಟಿರುವುದರೊಂದಿಗೆ ಹೋಲಿಸಿ.

ದೊಡ್ಡ ಕಳಂಕವೊಂದಿದೆ. 2.5.8.0ರ ಅಧಿಕೃತ ಇನ್‌ಸ್ಟಾಲರ್ ಜೊತೆಗೆ ಓಪನ್‌ಕ್ಯಾಂಡಿ ಎಂಬ ಜಾಹೀರಾತು ತಂತ್ರಾಂಶವನ್ನು ಕಟ್ಟಿಕೊಟ್ಟಿದ್ದರು. ಇಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಇಂಥ ಬಾಲವೇಕೆ ಬೇಕಿತ್ತು? ಇನ್‌ಸ್ಟಾಲ್ ಮಾಡುವಾಗ "ನೆಕ್ಸ್ಟ್" ಒತ್ತುವ ಅವಸರ ಬೇಡ, ಪ್ರತಿ ಪುಟವನ್ನೂ ಓದಿ.

ವರ್ಷಕ್ಕೊಂದು ಡಿಸ್ಕ್ ಬೇಕೆನ್ನುವವರಿಗೆ ಇದರ ಅಗತ್ಯವೇ ಇಲ್ಲ. ವಿಂಡೋಸ್ 7ರಿಂದೀಚೆಗೆ ಐಎಸ್‌ಒ ಮೇಲೆ ಬಲ ಕ್ಲಿಕ್ ಮಾಡಿದರೆ ಬರ್ನ್ ಮಾಡುವ ಆಯ್ಕೆ ಸಿಗುತ್ತದೆ, ಅದರಲ್ಲಿ ಪರಿಶೀಲನೆಯೂ ಇದೆ. ಲಿನಕ್ಸ್ ಬಳಸುವವರಿಗೆ ಕೆ3ಬಿ ಎಂಬ ಬರ್ನಿಂಗ್ ತಂತ್ರಾಂಶ ಸಾಕು.

ಕೊನೆಗೆ ಡಿಸ್ಕಿನ ಗಾತ್ರ. ಸಾಮಾನ್ಯ ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ. ಡೆಬಿಯನ್‌ನ ನೆಟ್‌ಇನ್‌ಸ್ಟ್ (ಉಳಿದದ್ದನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಚಿಕ್ಕ ಐಎಸ್‌ಒ) ಧಾರಾಳವಾಗಿ ಹಿಡಿಯುತ್ತದೆ, ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಡೆಸ್ಕ್‌ಟಾಪ್ ಹಿಡಿಯುವುದಿಲ್ಲ, ಅದಕ್ಕೆ 8.5 ಜಿಬಿಯ ಎರಡು ಪದರದ ಡಿವಿಡಿ ಬೇಕು. ಅಷ್ಟು ದೊಡ್ಡ ಉಬುಂಟುವನ್ನು ತಡೆದುಕೊಳ್ಳುವ ಕಂಪ್ಯೂಟರ್ ಹೇಗೂ ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ. ಅಲ್ಲಿ ಐಎಸ್‌ಒವನ್ನು ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ಬಳಸಿ, ಡಿವಿಡಿಯ ದುಡ್ಡು ಉಳಿಸಿ.