ಕೂಲಿಗೆ ಕರೆಯಬೇಡಿ ಅಂದವರ ಮೇಲೆ ಕೇಸು: ಚಿತ್ರದುರ್ಗದಲ್ಲಿ ಉಚಿತ ಕಾನೂನು ನೆರವು ಎಷ್ಟು ಉಪಯೋಗ?

ದಲಿತ ಕೇರಿಯವರನ್ನು ಕೂಲಿಗೆ ಕರೆಯಬಾರದು, ಅಂಗಡಿಯಲ್ಲಿ ಸಾಮಾನು ಕೊಡಬಾರದು, ಹಿಟ್ಟಿನ ಗಿರಣಿಗೆ ಸೇರಿಸಬಾರದು ಅಂತ ಊರಲ್ಲಿ ತೀರ್ಮಾನ ಮಾಡುವುದು ಜಗಳವಲ್ಲ, ಬಹಿಷ್ಕಾರ; ಅದು ಅಪರಾಧ. ಹಾಗಾದಾಗ ಠಾಣೆಗೂ ಮೊದಲು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಚಳ್ಳಕೆರೆ, ಹೊಸದುರ್ಗದ ಕಡೆಯವರು ತಾಲ್ಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಗೇ ಅರ್ಜಿ ಕೊಡಬಹುದು. ಸಹಾಯವಾಣಿ 15100.

ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಮಿತಿ ಇಲ್ಲ. ವಕೀಲರ ಫೀಜು, ಕೋರ್ಟ್ ಶುಲ್ಕ ಎರಡೂ ಉಚಿತ. ಬಿಳಿ ಹಾಳೆಯಲ್ಲಿ ಅರ್ಜಿ, ಜಾತಿ ಪ್ರಮಾಣಪತ್ರ ಮತ್ತು ಆಧಾರ್ ಜೆರಾಕ್ಸ್ ಸಾಕು. 7 ದಿನದೊಳಗೆ ತೀರ್ಮಾನ ತಿಳಿಸಬೇಕು. ಸ್ವೀಕೃತಿ ಕೇಳಿ ಪಡೆಯಿರಿ.

ಈ ಸೇವೆಯ ನಿಜವಾದ ಬೆಲೆ ಇರುವುದು ದೂರು ಬರೆಸಿಕೊಳ್ಳುವುದರಲ್ಲಿ. ಕೇಸು ಬಿದ್ದುಹೋಗುವುದೂ ಅಲ್ಲೇ. ‘ಊರಿನವರು ತೊಂದರೆ ಕೊಡುತ್ತಿದ್ದಾರೆ’ ಅಂತ ಬರೆದರೆ ಕೋರ್ಟಿನಲ್ಲಿ ಏನೂ ನಿಲ್ಲುವುದಿಲ್ಲ. ‘ಇಂಥ ದಿನ ಸಂಜೆ ಗುಡಿ ಕಟ್ಟೆ ಮೇಲೆ ಇಂತಿಂಥವರು, ಇವರನ್ನು ಕರೆದರೆ ಐದು ಸಾವಿರ ದಂಡ ಅಂದರು, ಮಾರನೇ ದಿನ ಇಂಥವರು ಶೇಂಗಾ ಕೀಳೋ ಕೆಲಸಕ್ಕೆ ಬರಬೇಡಿ ಅಂದರು, ಅಲ್ಲಿ ಇದ್ದವರು ಇವರು’ ಅಂತಿರಬೇಕು. ಜಾತಿ ಹೆಸರೆತ್ತಿ ಬೈದಿದ್ದರೆ ಆ ಮಾತನ್ನೇ ಬರೆಸಿ. ಬೈದದ್ದು ನಾಲ್ಕು ಜನರ ಕಣ್ಣೆದುರಿಗೆ ಅಂತ ದೂರಿನಲ್ಲಿ ಇಲ್ಲದಿದ್ದರೆ ನಿಂದನೆಯ ಆರೋಪ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಬಹಿಷ್ಕಾರಕ್ಕೆ 1989ರ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಬೇರೆಯೇ ಕಲಮು ಇದೆ, 2015ರ ತಿದ್ದುಪಡಿಯಲ್ಲಿ ಸೇರಿದ್ದು: 3(1)(ಝಡ್‌ಸಿ). ಬಹಿಷ್ಕಾರ ಹಾಕುತ್ತೇವೆ ಅಂತ ಬೆದರಿಸಿದರೂ ಅದು ತಗಲುತ್ತದೆ. ವಕೀಲರು ಇದನ್ನು ಬಿಟ್ಟು ಬರೀ ಬೈಗುಳದ ಕಲಮು ಹಾಕಿದ್ದರೆ ಸಹಿ ಹಾಕುವ ಮೊದಲೇ ಕೇಳಿ.

‘ವಿಚಾರಣೆ ಮಾಡಿ ಆಮೇಲೆ ಎಫ್‌ಐಆರ್’ ಅಂತ ಪೊಲೀಸರು ಹೇಳುವಂತಿಲ್ಲ. ಅದೇ ಕಾಯ್ದೆಯ 18ಎ ಕಲಮಿನ ಪ್ರಕಾರ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿಯೇ ಸಹಿ ತೆಗೆದುಕೊಳ್ಳಬೇಕು. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ತನಿಖೆ ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕು, 60 ದಿನದಲ್ಲಿ ಆರೋಪಪಟ್ಟಿ ಹಾಕಬೇಕು.

ಬಹಳ ಜನ ಕೈಬಿಡುವುದು ಕೋರ್ಟಿಗೆ ಅಲೆದು ಕೂಲಿ ಹೋಗುತ್ತದೆ ಅಂತ. ಅದಕ್ಕೂ ದಾರಿ ಇದೆ: ಇದೇ ಕಾಯ್ದೆಯ 1995ರ ನಿಯಮಾವಳಿಯ 11ನೇ ನಿಯಮದಂತೆ ನೊಂದವರಿಗೂ ಸಾಕ್ಷಿಗಳಿಗೂ ಪ್ರಯಾಣ ಖರ್ಚು, ದಿನಕ್ಕೆ ಕೃಷಿ ಕಾರ್ಮಿಕರ ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ಭತ್ಯೆ ಸಿಗಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಪ್ರತಿ ಹಾಜರಿಗೂ ವಕೀಲರಿಂದಲೇ ಅರ್ಜಿ ಹಾಕಿಸಿ.

ಕೊರತೆ ಒಂದಿದೆ, ದೊಡ್ಡದೇ. ಪ್ಯಾನೆಲ್ ವಕೀಲರಲ್ಲಿ, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಲ್ಲಿ, ಈ ಕಾಯ್ದೆ ಅರೆದು ಕುಡಿದವರೂ ಸಿಗುತ್ತಾರೆ, ‘ಒಂದೇ ಊರಿನವರು, ರಾಜಿ ಮಾಡ್ಕೊಳ್ಳಿ’ ಅನ್ನುವವರೂ ಸಿಗುತ್ತಾರೆ. ಲೋಕ ಅದಾಲತ್‌ನಲ್ಲಿ ಈ ಕೇಸು ರಾಜಿಯಾಗಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಹಾಗೆ ಒತ್ತಾಯ ಬಂದರೆ ವಕೀಲರನ್ನು ಬದಲಾಯಿಸಿ ಅಂತ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಕೊಡಿ. ಆ ಅರ್ಜಿಗೂ ಸ್ವೀಕೃತಿ ತೆಗೆದುಕೊಳ್ಳಿ.