ಅಡಿಕೆ ಲೆಕ್ಕಕ್ಕೆ ಜೆನೆರಿಕ್ಸೋ, ಜನರೇಟರೋ?

ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರಿಗೆ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ತಂತ್ರಾಂಶ ಬರೆಯುತ್ತಿರುವ ನೀವು, ಒಂದೇ ಫಂಕ್ಷನ್ ಹಲವು ಬಗೆಯ ಡೇಟಾಕ್ಕೆ ಒಗ್ಗುವಂತೆ ಮಾಡುವ ಜೆನೆರಿಕ್ಸ್ ಮೇಲೋ, ಒಂದು ಟೆಂಪ್ಲೇಟಿನಿಂದ ಪ್ರತಿ ಬಗೆಗೂ ಬೇರೆ ಬೇರೆ ಕೋಡ್ ಬರೆದುಕೊಡುವ ಜನರೇಟರ್ ಮೇಲೋ ಎಂದು ಕೇಳಿದ್ದೀರಿ.

ಅಡಿಕೆ, ಕಾಳುಮೆಣಸು, ರಬ್ಬರ್ ಮೂರನ್ನೂ ಒಂದೇ ಕ್ರಮದಲ್ಲಿ ವಿಂಗಡಿಸುವುದಾದರೆ ಜೆನೆರಿಕ್ಸ್ ಸುಲಭ: ಫಂಕ್ಷನ್ ಒಂದೇ, ತಿದ್ದುವುದೂ ಒಂದೇ ಕಡೆ. ಅದು 2022ರಲ್ಲಿ ಗೋ ಭಾಷೆಯ 1.18ನೇ ಆವೃತ್ತಿಯಲ್ಲಿ ಬಂತು; ಅದಕ್ಕಿಂತ ಹಳೆಯ ಕಂಪೈಲರ್ (ಕೋಡನ್ನು ಓಡುವ ತಂತ್ರಾಂಶವಾಗಿಸುವ ಸಾಧನ) ಬಿಡಲಾಗದವರಿಗೆ ಜನರೇಟರೇ ಗತಿ. ಆದರೆ ಟೆಂಪ್ಲೇಟ್ ತಿದ್ದಿ ಜನರೇಟರನ್ನು ನಡೆಸುವ ‘ಗೋ ಜನರೇಟ್’ ಆದೇಶ ಓಡಿಸಲು ಮರೆತಿರೋ, ಮೆಣಸಿನ ಕಡತದಲ್ಲಿ ಹಳೆಯ ತಪ್ಪು ಹಾಗೆಯೇ ಕುಳಿತಿರುತ್ತದೆ. ತಂತ್ರಾಂಶವನ್ನು ಕಟ್ಟುವ ‘ಗೋ ಬಿಲ್ಡ್’ ಆದೇಶ ‘ಗೋ ಜನರೇಟ್’ ಅನ್ನು ತಾನಾಗಿ ಓಡಿಸುವುದಿಲ್ಲ. ಇದನ್ನು ತಿಳಿಯಲು ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ.

ವೇಗದಲ್ಲಿ ಜನರೇಟರ್ ಬರೆದ ಕೋಡ್ ಕೆಲವೊಮ್ಮೆ ಮುಂದು. ಅಂಗಡಿಯ ಲೆಕ್ಕಕ್ಕೆ ಆ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ.

ಪ್ರೊಟೊಬಫ್ (ಡೇಟಾದ ರಚನೆಯನ್ನು ಬರೆದಿಡುವ ಒಂದು ಕ್ರಮ) ವಿವರಣೆಯಿಂದ ಹತ್ತಾರು ಸ್ಟ್ರಕ್ಟ್ (ಹಲವು ಮಾಹಿತಿಗಳನ್ನು ಒಟ್ಟಿಗೆ ಹಿಡಿಯುವ ಡೇಟಾ ಬಗೆ) ಹುಟ್ಟಬೇಕಿದ್ದರೆ ಮಾತ್ರ ಜೆನೆರಿಕ್ಸ್ ಕೈಚೆಲ್ಲುತ್ತದೆ. ಅಲ್ಲಿ ಜನರೇಟರನ್ನೇ ಹಿಡಿಯಿರಿ.